ಕ್ಯಾಮೆರಾ ಆಮೇಲೆ, ಮೊದಲು ವಸ್ತುಗಳ ಪರಿಚಯ

ಪ್ರಶ್ನೆ: ನನಗೆ 26 ವರ್ಷ. ದಾವಣಗೆರೆಯಲ್ಲಿ ದೃಶ್ಯಕಲೆಯ ಪದವಿ ಮುಗಿಸಿ, ಈಗ ಒಂದು ಆಫ್‌ಸೆಟ್ ಮುದ್ರಣಾಲಯದಲ್ಲಿ ಪುಟವಿನ್ಯಾಸ ಮಾಡುತ್ತಿದ್ದೇನೆ. ಮನೆಯ ಪಾತ್ರೆ, ಹಣ್ಣು, ಬಟ್ಟೆಗಳನ್ನು ಜೋಡಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯುವುದೆಂದರೆ ಬಹಳ ಇಷ್ಟ. ಜಾಹೀರಾತಿನ ಚಿತ್ರಗಳಿಗೆ ಹೀಗೆ ವಸ್ತುಗಳನ್ನು ಜೋಡಿಸಿಕೊಡಲೆಂದೇ ಸ್ಟಿಲ್ ಲೈಫ್ ಸ್ಟೈಲಿಸ್ಟ್‌ಗಳು ಇರುತ್ತಾರೆ ಎಂದು ಇತ್ತೀಚೆಗೆ ತಿಳಿಯಿತು. ಇದನ್ನೇ ವೃತ್ತಿ ಮಾಡಿಕೊಳ್ಳಬಹುದೆ? ಸಾಲ ಮಾಡಿ ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೆ? ಮುಂಬೈಗೆ ಹೋಗಲೇಬೇಕೆ? ಎಐ ಚಿತ್ರಗಳು ಬಂದ ಮೇಲೆ ಈ ಕೆಲಸ ಉಳಿಯುತ್ತದೆಯೆ?

ಉತ್ತರ: ವೃತ್ತಿ ಮಾಡಿಕೊಳ್ಳಬಹುದು. ಸಾಲ ಖಂಡಿತ ಬೇಡ. ಮುಂಬೈ ಈಗಲೇ ಬೇಕಿಲ್ಲ. ಎಐ ಬಗ್ಗೆ ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸಲು ಬರುವುದಿಲ್ಲ. ಈ ಕೆಲಸದಲ್ಲಿ ಹಣ ಕೊಡುವವರು ಯಾವುದಕ್ಕೆ ಕೊಡುತ್ತಾರೆ ಎಂಬುದು ಮೊದಲು ತಿಳಿದಿರಬೇಕು.

ಒಂದು ಫಿಲ್ಟರ್ ಕಾಫಿಪುಡಿಯ ಜಾಹೀರಾತನ್ನು ಊಹಿಸಿಕೊಳ್ಳಿ. ಚಿತ್ರದ ಕಲ್ಪನೆ ಆರ್ಟ್ ಡೈರೆಕ್ಟರ್ ಅವರದು. ಬೆಳಕು ಮತ್ತು ಲೆನ್ಸ್ ಛಾಯಾಗ್ರಾಹಕರವು. ಉಳಿದದ್ದೆಲ್ಲ ನಿಮ್ಮ ಜವಾಬ್ದಾರಿ. ಲೋಟ ಹಿತ್ತಾಳೆಯದೋ ಸ್ಟೀಲಿನದೋ, ಕೆಳಗಿರುವುದು ತೇಗದ ಹಲಗೆಯೋ ಕಡಪ ಕಲ್ಲೋ, ಪಕ್ಕದಲ್ಲಿ ಮಡಿಸಿಟ್ಟ ಟವೆಲ್ಲಿನ ಅಂಚು ಯಾವ ಊರಿನ ನೇಯ್ಗೆ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ನಿಮ್ಮ ಬಳಿ ಇರಬೇಕು. ಇವೆಲ್ಲಕ್ಕೂ ಮೂಲವಾದ ಪ್ರಶ್ನೆ ಇನ್ನೊಂದಿದೆ: ಇದು ಯಾರ ಮನೆ? ಚಿಕ್ಕಮಗಳೂರಿನ ತೋಟದ ಮನೆಯ ಮೇಜೂ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದಿರುವ ಹುಡುಗಿಯ ಅಡುಗೆ ಕಟ್ಟೆಯೂ ಒಂದೇ ರೀತಿ ಇರುವುದಿಲ್ಲ. ನೋಡುವವರಿಗೆ ಕಾರಣ ಹೇಳಲು ಬರದಿದ್ದರೂ, ವಸ್ತು ತನ್ನ ಜಾಗದಲ್ಲಿಲ್ಲ ಎಂಬುದು ತಕ್ಷಣ ಗೊತ್ತಾಗುತ್ತದೆ. ಆ ಅನುಮಾನ ಹುಟ್ಟದಂತೆ ನೋಡಿಕೊಳ್ಳುವುದಕ್ಕೆ ಸ್ಟೈಲಿಸ್ಟ್‌ಗೆ ಸಂಭಾವನೆ ಸಿಗುತ್ತದೆ.

ಹಾಗಾಗಿ ನಿಮ್ಮ ಬಂಡವಾಳ ವಸ್ತುಗಳ ಪರಿಚಯ. ಅದು ಲೋಹ, ಮಣ್ಣು, ನೂಲು, ಮರ, ಎಲೆ, ಹಣ್ಣುಗಳ ಗುಣವನ್ನು ಬಲ್ಲ ಪರಿಚಯ. ಆ ವಸ್ತುಗಳನ್ನು ಮಾಡುವ, ಮಾರುವ, ದಿನವೂ ಬಳಸುವ ಜನರ ಪರಿಚಯ. ಚೆನ್ನಾಗಿ ಜೋಡಿಸಬಲ್ಲವರು ಬಹಳ ಜನ ಇದ್ದಾರೆ. ಯಾವುದನ್ನು, ಯಾಕೆ ಎಂದು ಬಲ್ಲವರು ವಿರಳ. ಈ ವೃತ್ತಿಯಲ್ಲಿ ಉಳಿದುಕೊಂಡವರನ್ನು ಕಂಡಾಗಲೆಲ್ಲ ನನಗೆ ಇದು ಮತ್ತೆ ಮತ್ತೆ ಖಚಿತವಾಗಿದೆ.

ಅಭ್ಯಾಸಕ್ಕೆ ಬೀದರಿನ ಒಂದು ಸಣ್ಣ ಬಿದರಿ ಡಬ್ಬಿ ಸಂಪಾದಿಸಿ. ಎರವಲು ಸಿಕ್ಕರೂ ಆದೀತು. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಸೇರಿದ ಎರಕ ಅದು. ಕೊರೆದ ಗೆರೆಗಳಲ್ಲಿ ಬೆಳ್ಳಿ ಕೂರಿಸುತ್ತಾರೆ. ನವಸಾಗರದ ಜೊತೆ ಬೀದರ್ ಕೋಟೆಯ ಮಣ್ಣನ್ನು ಬೆರೆಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಈಗ ಉತ್ತರ ದಿಕ್ಕಿನ ಕಿಟಕಿಯ ಬಳಿ ಡಬ್ಬಿಯನ್ನಿಟ್ಟು, ಒಂದು ಬಿಳಿ ರಟ್ಟು, ಒಂದು ಕಪ್ಪು ರಟ್ಟು ಹಿಡಿದು ಕುಳಿತುಕೊಳ್ಳಿ. ಬಿಳಿ ರಟ್ಟನ್ನು ಒಂದೊಂದೇ ಅಂಗುಲ ಸರಿಸುತ್ತ ಹೋದರೆ ಒಂದು ಕೋನದಲ್ಲಿ ಬೆಳ್ಳಿಯ ಬಳ್ಳಿಗಳೆಲ್ಲ ಒಟ್ಟಿಗೆ ಬೆಳಗುತ್ತವೆ. ಇನ್ನೊಂದು ಕೋನದಲ್ಲಿ ಸತ್ತಂತಾಗುತ್ತವೆ. ಹೊಳೆಯುವ ಲೋಹ ತನ್ನ ಎದುರಿಗಿರುವುದನ್ನು ತೋರಿಸುತ್ತದೆ. ಬೆಳಕು ಬಂದು ಬಿದ್ದ ಕೋನದಲ್ಲೇ ಹಿಂದಿರುಗುತ್ತದೆ ಎಂದು ಶಾಲೆಯಲ್ಲಿ ಓದಿದ ನಿಯಮ ಇಲ್ಲಿ ನಿಮ್ಮ ಕೈಯಲ್ಲಿರುತ್ತದೆ. ಕಪ್ಪು ಮೈ ಮಾತ್ರ ಅಷ್ಟಾಗಿ ಪ್ರತಿಬಿಂಬಿಸದೆ ತನ್ನ ಕಪ್ಪನ್ನು ಉಳಿಸಿಕೊಳ್ಳುತ್ತದೆ. ಒಂದೇ ವಸ್ತುವಿನಲ್ಲಿ ಈ ಎರಡು ಸ್ವಭಾವಗಳನ್ನು ನಿಭಾಯಿಸಲು ಕಲಿತರೆ ಆಭರಣ, ಕೈಗಡಿಯಾರ, ಸ್ಟೀಲ್ ಪಾತ್ರೆಗಳು ಅಷ್ಟು ಹೆದರಿಸುವುದಿಲ್ಲ.

ಅದೇ ಡಬ್ಬಿ ಮತ್ತೊಂದು ಪಾಠ ಕಲಿಸುತ್ತದೆ. ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಫಳಫಳ ಎನ್ನುತ್ತದೆ. ಬಿದರಿಗೆ ಅದನ್ನೇ ಮಾಡಿದರೆ ಕಪ್ಪು ಲೇಪ ಹಾಳಾಗುತ್ತದೆ. ಅದಕ್ಕೆ ಒಂದು ತೊಟ್ಟು ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ಎರವಲು ತಂದ ವಸ್ತುವನ್ನು ಹೇಗೆ ಮುಟ್ಟಬೇಕೆಂದು ಗೊತ್ತಿಲ್ಲದವರಿಗೆ ಎರಡನೆಯ ಸಲ ಯಾರೂ ವಸ್ತು ಕೊಡುವುದಿಲ್ಲ. ಹಿತ್ತಾಳೆಯನ್ನಾದರೂ ಯಾವಾಗಲೂ ತಿಕ್ಕಬೇಕೆಂದಿಲ್ಲ. ದಿನವೂ ಪೂಜೆಗೆ ಬಳಸುವ ದೀಪ ಹೊಳೆಯುತ್ತಿರಬೇಕು. ಅಟ್ಟದಿಂದ ಈಗಷ್ಟೇ ಇಳಿಸಿದ ಹಂಡೆ ಹೊಳೆದರೆ ಸುಳ್ಳೆನಿಸುತ್ತದೆ.

ಗಾಜಿನ ಪಾಠ ಬೇರೆ. ಹಿಂದೆ ಬಿಳಿ ಹಿನ್ನೆಲೆಗೆ ಬೆಳಕು ಕೊಟ್ಟು, ಚೌಕಟ್ಟಿನ ಹೊರಗೆ ಎರಡೂ ಬದಿಯಲ್ಲಿ ಕಪ್ಪು ರಟ್ಟು ನಿಲ್ಲಿಸಿದರೆ ಗಾಜಿನ ಅಂಚುಗಳಲ್ಲಿ ಕಪ್ಪು ಗೆರೆ ಮೂಡಿ ಆಕಾರ ಎದ್ದು ಬರುತ್ತದೆ. ಹಿನ್ನೆಲೆ ಕಪ್ಪಾದರೆ ಈ ಲೆಕ್ಕ ತಿರುಗಿ, ಅಂಚುಗಳು ಬೆಳ್ಳಗೆ ಹೊಳೆಯಬೇಕು. ತಂಪು ಪಾನೀಯದ ಬಾಟಲಿಯ ಮೇಲಿನ ಹನಿಗಳು ಜಾರದೆ ನಿಲ್ಲಬೇಕಾದರೆ ಗ್ಲಿಸರಿನ್ ಮತ್ತು ನೀರನ್ನು ಸಮಪಾಲು ಬೆರೆಸಿ ಸಿಂಪಡಿಸುತ್ತಾರೆ. ಹೆಚ್ಚಿದ ಸೇಬು ಕಂದದಂತೆ ನಿಂಬೆರಸದ ನೀರಿನಲ್ಲಿ ಅದ್ದುತ್ತಾರೆ. ಮಲ್ಲಿಗೆಯ ಮೊಗ್ಗು ಸ್ಟುಡಿಯೋದ ಬಿಸಿಯಲ್ಲಿ ಅರಳಿಬಿಡುತ್ತದೆ, ಆದ್ದರಿಂದ ಕೊನೆಯ ಗಳಿಗೆಯವರೆಗೂ ಬಾಳೆಲೆಯಲ್ಲಿ ಸುತ್ತಿ ತಂಪಿನಲ್ಲಿಟ್ಟಿರಬೇಕು. ಇಂಥ ಉಪಾಯಗಳು ಇನ್ನೂ ನೂರಾರಿವೆ. ಅವನ್ನು ಕಲಿಯುವುದು ಕಷ್ಟವಲ್ಲ, ಸೆಟ್ಟಿನಲ್ಲಿ ನಿಂತರೆ ಬಂದುಬಿಡುತ್ತವೆ.

ಕಣ್ಣು ಪಳಗಲು ನೀವು ಕಾಲೇಜಿನಲ್ಲಿ ನೋಡಿದ ಚಿತ್ರಕಾರರ ಬಳಿಗೇ ಮರಳಿ ಹೋಗಿ. ಸ್ಪೇನಿನ ಹುವಾನ್ ಸಾಂಚೆಸ್ ಕೊತಾನ್ 1602ರ ಸುಮಾರಿಗೆ ಬರೆದ ಚಿತ್ರವೊಂದು ಈಗ ಸ್ಯಾನ್ ಡಿಯಾಗೋ ವಸ್ತುಸಂಗ್ರಹಾಲಯದಲ್ಲಿದೆ. ಕಪ್ಪು ಕಿಟಕಿಯೊಂದರಲ್ಲಿ ದಾರಕ್ಕೆ ನೇತುಬಿದ್ದ ಕ್ವಿನ್ಸ್ ಹಣ್ಣು, ಅದಕ್ಕಿಂತ ಸ್ವಲ್ಪ ಕೆಳಗೆ ಎಲೆಕೋಸು, ಕಟ್ಟೆಯ ಮೇಲೆ ಕೊಯ್ದ ಕರಬೂಜ, ಕೊನೆಯಲ್ಲಿ ಅಂಚಿನಿಂದ ಮುಂದಕ್ಕೆ ಚಾಚಿದ ಸೌತೆಕಾಯಿ. ನಾಲ್ಕೇ ವಸ್ತುಗಳು, ಮೇಲಿನಿಂದ ಕೆಳಕ್ಕೆ ಒಂದು ಕಮಾನಿನಲ್ಲಿ ಇಳಿಯುತ್ತವೆ. ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು ಜಾಗ ಬರೀ ಕಪ್ಪು. ಹೊಸಬರು ಬಹುತೇಕ ಎಲ್ಲರೂ ವಸ್ತು ಹೆಚ್ಚಿಸುತ್ತಾರೆ. ಆ ಚಿತ್ರದ ಮುಂದೆ ಅರ್ಧ ಗಂಟೆ ಕುಳಿತರೆ ತೆಗೆಯುವ ಧೈರ್ಯ ಬರುತ್ತದೆ. ಇಟಲಿಯ ಬೊಲೊನ್ಯಾದ ಜೋರ್ಜೊ ಮೊರಾಂಡಿ ದಶಕಗಟ್ಟಲೆ ಅವೇ ಬಾಟಲಿ, ಹೂಜಿ, ಡಬ್ಬಿಗಳನ್ನು ಕೊಂಚ ಕೊಂಚ ಸರಿಸಿ ಬರೆದರು. ಎರಡು ವಸ್ತುಗಳ ಅಂಚು ತಾಗಿದಾಗ ಏನಾಗುತ್ತದೆ, ಕೂದಲೆಳೆಯಷ್ಟು ಬಿಟ್ಟಾಗ ಏನಾಗುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಕೋರ್ಸೂ ಹೇಳಿಕೊಡದು.

ಕ್ಯಾಮೆರಾದ ಕಡೆಯಿಂದ ನೋಡುವುದಾದರೆ ಅಮೆರಿಕದ ಅರ್ವಿಂಗ್ ಪೆನ್. ವೋಗ್ ಫ್ಯಾಷನ್ ಪತ್ರಿಕೆ ಅವರನ್ನು ಸೇರಿಸಿಕೊಂಡಿದ್ದು ಮುಖಪುಟಗಳ ಕಲ್ಪನೆ ಕೊಡುವುದಕ್ಕೆ. ಅಲ್ಲಿನ ಛಾಯಾಗ್ರಾಹಕರು ಆ ಕಲ್ಪನೆಗಳಿಗೆ ಆಸಕ್ತಿ ತೋರದಿದ್ದಾಗ, ಕಲಾ ನಿರ್ದೇಶಕ ಅಲೆಕ್ಸಾಂಡರ್ ಲಿಬರ್ಮನ್ ನೀವೇ ತೆಗೆಯಿರಿ ಎಂದರು. ಹಾಗೆ ಬಂದ 1943ರ ಅಕ್ಟೋಬರ್ 1ರ ಮುಖಪುಟದಲ್ಲಿ ಮನುಷ್ಯರೇ ಇಲ್ಲ. ಕೈಚೀಲ, ಕೈಗವಸು, ಸ್ಕಾರ್ಫ್‌ಗಳ ಜೋಡಣೆ ಇದೆ. ಪೆನ್ ಅವರ 1947ರ ಇನ್ನೊಂದು ಚಿತ್ರದಲ್ಲಿ ರಂಗಮಂದಿರದ ನೆಲದ ಮೇಲೆ ಹೆಂಗಸೊಬ್ಬರ ಚೀಲ ಬಿದ್ದು ಒಳಗಿನದೆಲ್ಲ ಚೆಲ್ಲಿದೆ. ಮುಖ ಕಾಣುವುದಿಲ್ಲ, ಆದರೂ ಆಕೆ ಎಂಥವರೆಂದು ಗೊತ್ತಾಗುತ್ತದೆ. ಯಾರ ಮನೆ ಎಂದು ನಾನು ಮೇಲೆ ಕೇಳಿದ ಪ್ರಶ್ನೆಗೆ ಅಷ್ಟು ಪೂರ್ತಿಯಾದ ಉತ್ತರ ಅದು.

ಈಗ ಕೆಲಸ ಎಲ್ಲಿದೆ ಎಂಬ ವಿಷಯ. ಫ್ಲಿಪ್‌ಕಾರ್ಟ್, ಮಿಂತ್ರಾ, ಬಿಗ್‌ಬಾಸ್ಕೆಟ್, ಸ್ವಿಗ್ಗಿ ಕಂಪನಿಗಳ ಮುಖ್ಯ ಕಚೇರಿಗಳು ಬೆಂಗಳೂರಿನಲ್ಲಿವೆ. ಒಡವೆ, ರೇಷ್ಮೆ, ಕಾಫಿ, ಅಗರಬತ್ತಿ, ಸಾಬೂನು, ಮಸಾಲೆ ಪುಡಿ ಮಾರುವ ಸಣ್ಣ ದೊಡ್ಡ ಸಂಸ್ಥೆಗಳಂತೂ ಮೈಸೂರಿನಿಂದ ಹುಬ್ಬಳ್ಳಿಯವರೆಗೂ ಇವೆ. ಆನ್‌ಲೈನ್ ಮಾರಾಟಕ್ಕಾಗಿ ಬಿಳಿ ಹಿನ್ನೆಲೆಯಲ್ಲಿ ತೆಗೆಯುವ ಕ್ಯಾಟಲಾಗ್ ಚಿತ್ರಗಳಲ್ಲಿ ಸ್ಟೈಲಿಂಗ್‌ಗೆ ಜಾಗ ಕಡಿಮೆ, ಸಂಭಾವನೆಯೂ ಕಡಿಮೆ. ಆದರೂ ಕೆಲವು ತಿಂಗಳು ಅದನ್ನು ಮಾಡಿ. ಬಟ್ಟೆಗೆ ಹಬೆ ಹಿಡಿಯುವುದು, ಲೇಬಲ್ಲಿನ ಅಂಟು ಕಲೆ ಉಳಿಯದಂತೆ ತೆಗೆಯುವುದು, ಬೆರಳಚ್ಚು ಬೀಳದಂತೆ ಕೈಗವಸು ಹಾಕುವುದು, ನೂರನೆಯ ವಸ್ತುವನ್ನೂ ಮೊದಲನೆಯದರಷ್ಟೇ ನೇರವಾಗಿಡುವುದು ಅಲ್ಲಿ ಮೈಗೂಡುತ್ತದೆ. ಅದರ ಮೇಲಿನ ಮೆಟ್ಟಿಲು ಜಾಹೀರಾತು, ಪೊಟ್ಟಣದ ಮೇಲಿನ ಚಿತ್ರ, ಅಡುಗೆ ಪುಸ್ತಕ, ನಿಯತಕಾಲಿಕೆ. ದೊಡ್ಡ ಶೂಟ್‌ಗಳಲ್ಲಿ ಊಟ ತಿಂಡಿಗೇ ಬೇರೆ ಫುಡ್ ಸ್ಟೈಲಿಸ್ಟ್, ಪಾತ್ರೆ ಪರಿಕರಗಳಿಗೆ ಬೇರೆ ಪ್ರಾಪ್ ಸ್ಟೈಲಿಸ್ಟ್ ಇರುತ್ತಾರೆ. ಸಣ್ಣ ಶೂಟ್‌ಗಳಲ್ಲಿ ಎರಡೂ ಒಬ್ಬರದೇ ಕೆಲಸ, ಹಾಗಾಗಿ ಎರಡರ ರುಚಿಯೂ ನಿಮಗೆ ಸಿಗುತ್ತದೆ.

ಮುಂಬೈಯ ಜಾಹೀರಾತು ಜಗತ್ತು ಇದಕ್ಕಿಂತ ದೊಡ್ಡದು, ನಿಜ. ಹಳೆಯ ಸಾಮಾನಿಗೆ ಅಲ್ಲಿನ ಮಟನ್ ಸ್ಟ್ರೀಟಿನ ಚೋರ್ ಬಜಾರಿನಂಥ ಜಾಗ ಇನ್ನೊಂದಿಲ್ಲ. ಆದರೆ ಪರಿಚಯದವರಿಲ್ಲದ ಊರಿನಲ್ಲಿ ಬಾಡಿಗೆ ಕಟ್ಟಿಕೊಂಡು ಈ ಕೆಲಸ ಆರಂಭಿಸುವುದು ಕಠಿಣ. ಸ್ಟೈಲಿಸ್ಟ್ ಎಂದರೆ ತನ್ನ ಊರನ್ನು ಅಂಗಡಿ ಅಂಗಡಿಯಾಗಿ ಬಲ್ಲವರು. ಬೆಂಗಳೂರಿನ ಬಳೆಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಲ್ಲಿ ಏನೇನು ಸಿಗುತ್ತದೆ, ಪಾಟರಿ ಟೌನ್‌ನಲ್ಲಿ ಮೆರುಗಿಲ್ಲದ ಮಣ್ಣಿನ ತಟ್ಟೆಯನ್ನು ಯಾರು ಮಾಡಿಕೊಡುತ್ತಾರೆ, ಜಿಗಣಿಯ ಗ್ರಾನೈಟ್ ಕಾರ್ಖಾನೆಗಳಲ್ಲಿ ಉಳಿಕೆ ತುಂಡನ್ನು ಎಷ್ಟಕ್ಕೆ ಕೊಡುತ್ತಾರೆ, ಕೆ.ಆರ್. ಮಾರುಕಟ್ಟೆಗೆ ಎಷ್ಟು ಹೊತ್ತಿಗೆ ಹೋದರೆ ಬಾಡದ ಹೂ ಸಿಗುತ್ತದೆ, ಇವುಗಳನ್ನು ಕಲಿಯುವುದಕ್ಕೇ ವರ್ಷಗಳು ಬೇಕು. ನಿಮ್ಮ ಊರಿನಿಂದಲೇ ಶುರು ಮಾಡಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬಳಸುವ ಜರಡಿ, ಬುಟ್ಟಿ, ಹುಟ್ಟುಗಳನ್ನು ನೋಡಿ ಬನ್ನಿ. ಒಡೆದ ಹಳೆಯ ಮನೆಗಳ ಬಾಗಿಲು, ತೊಲೆ ಮಾರುವವರ ಬಳಿ ಹೋಗಿ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರು ದೂರವಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ವಸ್ತು, ಅಳತೆ, ಬೆಲೆ, ಕೊಡುವವರ ಊರು, ಎರವಲು ಕೊಡುತ್ತಾರೋ ಇಲ್ಲವೋ ಎಲ್ಲವನ್ನೂ ಬರೆದಿಡಿ. ಮುಂದೆ ನಿಮ್ಮನ್ನು ಹುಡುಕಿಕೊಂಡು ಬರುವಂತೆ ಮಾಡುವುದು ಈ ನೋಟ್‌ಬುಕ್ಕೇ.

ಕೋರ್ಸ್ ಮಾಡಬೇಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದೃಶ್ಯಕಲೆಯ ಪದವಿ ಇರುವ ನಿಮಗೆ ಮತ್ತೊಂದು ಪದವಿ ಬೇಡ. ಬೇಕಾದದ್ದು ನಿಂತು ಕಲಿಯುವ ಕೆಲಸ. ಅನುಭವಿ ಸ್ಟೈಲಿಸ್ಟ್ ಒಬ್ಬರ ಬಳಿ ಸಹಾಯಕರಾಗಿ ಒಂದೆರಡು ವರ್ಷ ದುಡಿಯಿರಿ. ಸಾಮಾನು ಹೊರುವುದು, ತೊಳೆಯುವುದು, ಪಟ್ಟಿ ಮಾಡುವುದು, ಮರಳಿಸುವುದು ನಿಮ್ಮ ಪಾಲಿಗೆ ಬರುತ್ತದೆ. ಅದನ್ನು ಕೀಳೆಂದು ಎಣಿಸಬೇಡಿ. ತಂದ ವಸ್ತು ಪ್ರತಿಯೊಂದೂ ಒಡೆಯದೆ, ಹೇಳಿದ ದಿನ ವಾಪಸಾದರೆ ಅಂಗಡಿಯವರ ನಂಬಿಕೆ ಗಳಿಸಿದಂತೆ. ಆ ನಂಬಿಕೆ ನೀವು ಸ್ವಂತಕ್ಕೆ ನಿಂತಾಗ ನಿಮ್ಮ ಜೊತೆ ಬರುತ್ತದೆ. ಆದರೆ ದುಡಿಮೆಗೆ ಕೂಲಿ ಕೇಳಿ. ಕಲಿಯುವ ಅವಕಾಶವೇ ಸಂಭಾವನೆ ಎನ್ನುವವರ ಬಳಿ ಹೆಚ್ಚು ದಿನ ನಿಲ್ಲಬೇಡಿ.

ನಿಮ್ಮ ಕೈಯಲ್ಲಿ ಬೇರೆಯವರಿಗಿಲ್ಲದ ಒಂದು ಗುಣ ಆಗಲೇ ಇದೆ, ಅದನ್ನು ನೀವು ಗಮನಿಸಿದಂತಿಲ್ಲ. ನೀವು ಮುದ್ರಣಾಲಯದಲ್ಲಿದ್ದೀರಿ. ಪರದೆಯ ಮೇಲೆ ಬೆಂಕಿಯಂತೆ ಉರಿಯುವ ಕಿತ್ತಳೆ, ಗಾಢ ನೀಲಿ, ಹಚ್ಚ ಹಸಿರು ನಾಲ್ಕು ಶಾಯಿಯ ಮುದ್ರಣದಲ್ಲಿ ಮಂಕಾಗುವುದನ್ನು ದಿನವೂ ನೋಡುತ್ತೀರಿ. ಪೊಟ್ಟಣದ ಮೇಲೆ ಅಚ್ಚಾಗುವ ಚಿತ್ರಕ್ಕೆ ಹಿನ್ನೆಲೆಯ ಬಟ್ಟೆ ಆರಿಸುವಾಗ ಈ ಅರಿವು ಬಹಳ ಬೆಲೆಯುಳ್ಳದ್ದು. ಸೆಟ್ಟಿನಲ್ಲಿ ಆ ಮಾತನ್ನು ಒಮ್ಮೆ ಸರಿಯಾದ ಸಮಯಕ್ಕೆ ಹೇಳಿದರೆ ಆರ್ಟ್ ಡೈರೆಕ್ಟರ್ ನಿಮ್ಮನ್ನು ಮರೆಯುವುದಿಲ್ಲ. ಕೆಲಸವನ್ನು ಈಗಲೇ ಬಿಡಬೇಡಿ ಎಂದು ಹೇಳುವುದಕ್ಕೆ ಸಂಬಳದ ಜೊತೆಗೆ ಇದೂ ಒಂದು ಕಾರಣ.

ಪೋರ್ಟ್‌ಫೋಲಿಯೋಗೆ ನಿಮ್ಮಂತೆಯೇ ಹೊಸದಾಗಿ ಶುರು ಮಾಡಿರುವ ಛಾಯಾಗ್ರಾಹಕರನ್ನು ಹುಡುಕಿ, ಇಬ್ಬರೂ ಸೇರಿ ಟೆಸ್ಟ್ ಶೂಟ್ ಮಾಡಿ. ಅವರಿಗೆ ಬೆಳಕಿನ ಅಭ್ಯಾಸ, ನಿಮಗೆ ಜೋಡಣೆಯ ಅಭ್ಯಾಸ. ಇಬ್ಬರೂ ಖರ್ಚು ಹಂಚಿಕೊಳ್ಳಿ. ಕ್ಯಾಮೆರಾ ಬೇಡವೆಂದಿದ್ದು ಇದಕ್ಕೇ. ಇಪ್ಪತ್ತು ಒಳ್ಳೆಯ ಚಿತ್ರ ಸಾಕು, ನೂರು ಬೇಡ. ಅದರಲ್ಲಿ ಒಂದು ಲೋಹ, ಒಂದು ಗಾಜು, ಒಂದು ಬಟ್ಟೆ, ಒಂದು ತಿಂಡಿ ಇರಲಿ, ಮತ್ತು ಒಂದಾದರೂ ಚಿತ್ರ ನಿಮ್ಮ ಮನೆಯವರ ಬದುಕಿನಿಂದ ನೇರವಾಗಿ ಬಂದಿರಲಿ. ಎಲ್ಲರ ಪೋರ್ಟ್‌ಫೋಲಿಯೋದಲ್ಲೂ ಕಾಣುವ ಬಿಳಿ ಅಮೃತಶಿಲೆ, ಒಣಗಿದ ಹುಲ್ಲಿನ ಗೊಂಚಲು ನಿಮ್ಮದರಲ್ಲಿ ಇಲ್ಲದಿದ್ದರೆ ನನಗಂತೂ ಬಹಳ ಸಂತೋಷ. ಸಂಭಾವನೆಯ ಕೆಲಸಗಳ ಚಿತ್ರ ಬಳಸುವಾಗ ಎಚ್ಚರವಿರಲಿ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆಸಿದವರದು. ಆದ್ದರಿಂದ, ಜಾಹೀರಾತು ಬಿಡುಗಡೆಯಾದ ಮೇಲೆ ನನ್ನ ಕೆಲಸದ ಮಾದರಿಯಾಗಿ ತೋರಿಸಬಹುದು ಎಂಬ ಒಂದು ಸಾಲನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ದುಡ್ಡಿನ ವಿಷಯಕ್ಕೆ ಬಂದರೆ, ಹೊಸಬರು ಶೂಟ್ ನಡೆಯುವ ಒಂದು ದಿನಕ್ಕಷ್ಟೇ ಬೆಲೆ ಹೇಳಿ ನಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಒಂದು ದಿನದ ಶೂಟ್‌ಗೆ ಹಿಂದಿನ ಎರಡು ದಿನ ಅಲೆದಾಟ, ಮರುದಿನ ವಾಪಸಾತಿ ಇರುತ್ತದೆ. ತಯಾರಿ ದಿನ, ಶೂಟ್ ದಿನ, ವಾಪಸಾತಿ ದಿನ, ಸಹಾಯಕರ ಕೂಲಿ, ಸಾಗಣೆ, ಕೊಳ್ಳುವ ವಸ್ತು, ಬಾಡಿಗೆ ವಸ್ತು, ಒಡೆದರೆ ಭರಿಸುವವರು ಯಾರು ಎಂಬುದನ್ನೆಲ್ಲ ಬೇರೆ ಬೇರೆ ಸಾಲುಗಳಲ್ಲಿ ಬರೆದು ಕೊಡಿ. ಪರಿಕರಗಳ ಹಣ ಮುಂಗಡವಾಗಿಯೇ ಬರಬೇಕು. ಅದನ್ನು ನಿಮ್ಮ ಕೈಯಿಂದ ಹಾಕಬಾರದು. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ನೋಂದಾಯಿತ ಅತಿಸಣ್ಣ, ಸಣ್ಣ ಉದ್ಯಮಗಳಿಗೆ ಖರೀದಿದಾರರು ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಬಾಕಿ ಇಟ್ಟುಕೊಳ್ಳುವಂತಿಲ್ಲ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ ಅಚ್ಚಾಗಿದ್ದರೆ, ಒಬ್ಬಂಟಿ ಕೆಲಸಗಾರರ ಬಿಲ್ಲನ್ನು ಕೊನೆಗೆ ನೋಡೋಣ ಎನ್ನುವ ಲೆಕ್ಕಪತ್ರ ವಿಭಾಗಗಳೂ ಬೇಗ ಎಚ್ಚೆತ್ತುಕೊಳ್ಳುತ್ತವೆ.

ಇನ್ನೊಂದು ಮಾತು, ಇದು ನನಗೆ ಮುಖ್ಯವಾದದ್ದು. ಅಂದಗೊಳಿಸುವುದಕ್ಕೂ ಮೋಸಗೊಳಿಸುವುದಕ್ಕೂ ನಡುವೆ ಗೆರೆ ಇದೆ. ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿ, ಸೂಪಿನ ತರಕಾರಿಗಳು ಮೇಲೆ ತೇಲಿ ತುಂಬಿದಂತೆ ಕಾಣಿಸಿದ್ದರು. ಅಲ್ಲಿನ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 1970ರಲ್ಲಿ ಅದನ್ನು ತಡೆಯಿತು. ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಗ್ಲಿಸರಿನ್ ಹನಿಯಿಂದ ಯಾರಿಗೂ ನಷ್ಟವಿಲ್ಲ. ಮಾರುವ ಪದಾರ್ಥವೇ ಪೊಟ್ಟಣದಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಬೇರೆಯದಾಗಿ ಕಾಣುವಂತೆ ಮಾಡಿ ಎಂದರೆ ಆಗುವುದಿಲ್ಲ ಎನ್ನಿ. ಹಾಗೆ ಹೇಳಿದ್ದಕ್ಕೆ ಒಂದು ಕೆಲಸ ಹೋದರೆ ಹೋಗಲಿ.

ಕೊನೆಗೆ ಎಐ. ಇದಕ್ಕಿಂತ ಮುಂಚೆಯೇ ಇಂಥದೊಂದು ಬದಲಾವಣೆ ಬಂದು ಹೋಗಿದೆ. ಪೀಠೋಪಕರಣ ಮಾರುವ ಸ್ವೀಡನ್ ಮೂಲದ ಐಕಿಯಾ 2006ರಲ್ಲಿ ಒಂದು ಮರದ ಕುರ್ಚಿಯನ್ನು ಪೂರ್ತಿ ಕಂಪ್ಯೂಟರಿನಲ್ಲೇ ರಚಿಸಿ ಕ್ಯಾಟಲಾಗಿನಲ್ಲಿ ಅಚ್ಚು ಹಾಕಿತು. ಕೆಲವೇ ವರ್ಷಗಳಲ್ಲಿ ಅದರ ಉತ್ಪನ್ನ ಚಿತ್ರಗಳಲ್ಲಿ ಬಹುಪಾಲು ಹಾಗೆ ರಚಿಸಿದವೇ ಆದವು. ಆರಂಭದಲ್ಲಿ ಆ ಚಿತ್ರಗಳಿಗೆ ಜೀವ ಬರಲಿಲ್ಲ. ಆಗ ಕಂಪನಿ ಛಾಯಾಗ್ರಾಹಕರಿಗೆ 3ಡಿ ತಂತ್ರವನ್ನೂ 3ಡಿ ಕಲಾವಿದರಿಗೆ ಛಾಯಾಗ್ರಹಣವನ್ನೂ ಕಲಿಸಿತು. ಹಾಸಿಗೆಯ ಮೇಲಿನ ಹೊದಿಕೆ ಎಲ್ಲಿ ಸುಕ್ಕಾಗಬೇಕು, ಬಳಸಿದ ಹಲಗೆಯ ಅಂಚು ಹೇಗೆ ಸವೆಯುತ್ತದೆ ಎಂಬುದನ್ನು ವಸ್ತು ಬಲ್ಲವರೇ ಹೇಳಬೇಕು.

ಈಗ ನಡೆಯುತ್ತಿರುವುದೂ ಅದೇ ದಿಕ್ಕಿನಲ್ಲಿದೆ, ವೇಗ ಮಾತ್ರ ಹೆಚ್ಚು. ಬಿಳಿ ಹಿನ್ನೆಲೆಯ ಕ್ಯಾಟಲಾಗ್ ಕೆಲಸ, ಹಬ್ಬಕ್ಕೆ ದೀಪ ಹೂವಿನ ಹಿನ್ನೆಲೆ ಸೇರಿಸುವಂಥ ಸುಲಭದ ಕೆಲಸ ಕಡಿಮೆಯಾಗುತ್ತದೆ ಎಂದೇ ನನ್ನ ಎಣಿಕೆ. ಅದನ್ನು ನಂಬಿ ಮಾತ್ರ ಈ ವೃತ್ತಿಗೆ ಬರಬೇಡಿ. ಆದರೆ ಇಳಕಲ್ ಸೀರೆಯ ಸೆರಗು ಹೀಗೆ ಬೀಳುವುದಿಲ್ಲ, ನಮ್ಮ ಕಡೆ ಎಡೆಗೆ ಎಲೆ ಹಾಕುವುದು ಈ ದಿಕ್ಕಿಗಲ್ಲ, ಎಲೆಯಲ್ಲಿ ಉಪ್ಪು ಉಪ್ಪಿನಕಾಯಿ ಬಡಿಸುವ ಜಾಗ ಇದಲ್ಲ ಎಂದು ಗುರುತಿಸುವವರು ಬೇಕೇ ಬೇಕು. ಯಂತ್ರ ಬರೆದ ಚಿತ್ರಕ್ಕಂತೂ ಇನ್ನೂ ಹೆಚ್ಚು ಬೇಕು. ಮಾರಾಟಕ್ಕಿರುವ ನಿಜವಾದ ವಸ್ತುವನ್ನು ನಿಜವಾಗಿಯೇ ತೋರಿಸಬೇಕಾದ ಕಡೆ, ಒಡವೆ, ನೇಯ್ಗೆ, ಕರಕುಶಲ, ತಿನಿಸುಗಳಲ್ಲಿ, ಕೈಯಿಂದ ಜೋಡಿಸುವ ಕೆಲಸ ಉಳಿಯುತ್ತದೆ.

ದಸರಾ, ದೀಪಾವಳಿಯ ಜಾಹೀರಾತುಗಳ ಶೂಟ್ ಹಬ್ಬಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಶುರುವಾಗುತ್ತದೆ, ಸಹಾಯಕರ ಕೊರತೆ ಕಾಣುವುದೂ ಆಗಲೇ. ಅಷ್ಟರೊಳಗೆ ಐದಾರು ಟೆಸ್ಟ್ ಚಿತ್ರಗಳನ್ನು ಮುಗಿಸಿಕೊಳ್ಳಿ. ಬೆಂಗಳೂರಿನ ಸ್ಟೈಲಿಸ್ಟ್‌ಗಳಿಗೂ ಛಾಯಾಗ್ರಾಹಕರಿಗೂ ಚಿಕ್ಕದೊಂದು ಇಮೇಲ್ ಬರೆಯಿರಿ. ಯಾವ ದಿನಗಳಲ್ಲಿ ಬರಬಲ್ಲಿರಿ, ಮುದ್ರಣದ ಅನುಭವ ಎಷ್ಟು, ಮಧ್ಯ ಕರ್ನಾಟಕದಿಂದ ಯಾವ ಯಾವ ವಸ್ತು ತಂದುಕೊಡಬಲ್ಲಿರಿ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ತಿಳಿಸಿ. ಮೂರನೆಯ ಸಾಲನ್ನು ಓದಿದವರು ನಿಮಗೆ ಉತ್ತರಿಸುವ ಸಾಧ್ಯತೆ ಹೆಚ್ಚು.